ಬಣ್ಣದ ನೀರು, ಬಿಸಿಲಿನ ಕೆಲಸ



ಸೊಲ್ಲಾಪುರದ ಚಾದರವನ್ನು ಹೊದೆಯುವ ನಾವು, ನೂಲಿಗೆ ಹತ್ತದೆ ಉಳಿದ ಬಣ್ಣವು ಎಲ್ಲಿ ಹೋಯಿತೆಂದು ವಿಚಾರಿಸುವುದು ವಿರಳ. ಅದು ನೀರಿನೊಡನೆ ಹರಿಯುತ್ತದೆ. ಬಿಸಿಲಿಗೂ ಸಾಬೂನಿಗೂ ಮಾಸಬಾರದೆಂದೇ ನಿರ್ಮಿಸಿದ ಬಣ್ಣವಾದುದರಿಂದ ಹಳ್ಳದಲ್ಲಿಯೂ ಬೇಗನೆ ನಾಶವಾಗದು.

ಆ ಬಿಸಿಲಿನಿಂದಲೇ ಅದನ್ನು ಒಡೆಯುವ ಉಪಾಯವುಂಟು. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಅವರು, ಬೆಳಕು ಬಿದ್ದ ಟೈಟಾನಿಯಂ ಡೈಆಕ್ಸೈಡು ನೀರನ್ನೇ ವಿಭಜಿಸಬಲ್ಲುದೆಂದು ಪ್ರಕಟಿಸಿದರು. ಆದರೆ ಅದಕ್ಕೆ ನೇರಳಾತೀತ ಕಿರಣವೇ ಬೇಕು. ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ಸುಮಾರು 5 ಮಾತ್ರ. ಇಂಗಾಲ, ಸಾರಜನಕಗಳನ್ನು ಜಾಲದಂತೆ ಹೆಣೆದ ಕಾರ್ಬನ್ ನೈಟ್ರೈಡ್ ಎಂಬ ಹಳದಿ ಪಾಲಿಮರಿಗೆ ಕಣ್ಣಿಗೆ ಕಾಣುವ ಬೆಳಕೂ ಸಾಕೆಂದು 2009ರಲ್ಲಿ ತಿಳಿದುಬಂದಿತು. ಹೊಲಕ್ಕೆ ಹಾಕುವ ಯೂರಿಯಾವನ್ನೇ ಸುಮಾರು 550 ಡಿಗ್ರಿ ಸೆಲ್ಸಿಯಸಿನಲ್ಲಿ ಕಾಯಿಸಿ ಅದನ್ನು ಪಡೆಯಬಹುದು. (ಮನೆಯ ಒಲೆಯ ಮೇಲೆ ಯಾರೂ ಪ್ರಯತ್ನಿಸಬಾರದು, ಹೊರಡುವ ಅನಿಲ ಅಪಾಯಕರ!) ಬೆಳಕು ತಾಗಿದೊಡನೆ ಅದರ ಎಲೆಕ್ಟ್ರಾನುಗಳು ಕೆರಳಿ, ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಉಗ್ರಗೊಳಿಸುತ್ತವೆ, ಅದು ಬಣ್ಣದ ಅಣುವನ್ನು ತುಂಡರಿಸುತ್ತದೆ.

ಇಲ್ಲಿ ನಾವು ಮೋಸಹೋಗಬಾರದು. ಅಜೋ ಬಣ್ಣದಲ್ಲಿ ಸಾರಜನಕದ ಒಂದು ಕೊಂಡಿ ಮುರಿದರೂ ವರ್ಣ ಮಾಯವಾಗುತ್ತದೆ. ಉಳಿದ ತುಣುಕುಗಳಲ್ಲಿ ಕೆಲವು ವಿಷವೇ ಆಗಿರಬಹುದು. ಆದುದರಿಂದ ಯಾರಾದರೂ ತಿಳಿನೀರಿನ ಲೋಟವನ್ನು ನಮ್ಮ ಮುಂದೆ ಹಿಡಿದರೆ ಎರಡು ಮಾತು ಕೇಳೋಣ: ಇದರಲ್ಲಿ ಸಾವಯವ ಇಂಗಾಲ ಇನ್ನೆಷ್ಟು ಉಳಿದಿದೆ? ಆ ಹಳದಿ ಪುಡಿಯನ್ನು ಹೇಗೆ ಸೋಸಿ ತೆಗೆದಿರಿ?