ಮದುವೆ, ವಿಚ್ಛೇದನ, ಮರುಮದುವೆ: ನಾವು ತಿಳಿದಿರಬೇಕಾದದ್ದು
(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣ)



ಸಂಘಗಳಿಗೆ ಹೋದಾಗಲೆಲ್ಲ ನಾವು ಒಂದು ಮಾತು ಕೇಳ್ತೀವಿ: "ಈಗ ಡೈವೋರ್ಸ್ ಜಾಸ್ತಿ ಆಯ್ತು, ನಮ್ಮ ಕಾಲದಲ್ಲಿ ಹೀಗಿರಲಿಲ್ಲ." ಇದು ಎಷ್ಟರಮಟ್ಟಿಗೆ ನಿಜ ಅಂತ ಇವತ್ತು ವಿಚಾರ ಮಾಡೋಣ.

ಮೊದಲು ಮದುವೆಯ ವಯಸ್ಸು. 1929ರ ಶಾರದಾ ಕಾಯ್ದೆಯಲ್ಲಿ ಹೆಣ್ಣಿಗೆ 14 ವರ್ಷ ಆಗಿದ್ದರೆ ಸಾಕಿತ್ತು. 1978ರಲ್ಲಿ ಅದು 18 ಆಯಿತು. ಆದರೂ 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 20ರಿಂದ 24 ವಯಸ್ಸಿನ ನೂರು ಹೆಣ್ಣುಮಕ್ಕಳಲ್ಲಿ 47 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. 2019-21ರ ಸಮೀಕ್ಷೆಯಲ್ಲಿ ಇದು 23ಕ್ಕೆ ಇಳಿದಿದೆ. ಸಂತೋಷ. ಆದರೆ 23 ಅಂದ್ರೂ ಕಡಿಮೆಯೇನಲ್ಲ.

ಇನ್ನು ವಿಚ್ಛೇದನ. ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಇಬ್ಬರೂ ಒಪ್ಪಿ ಬೇರೆಯಾಗುವ ಅವಕಾಶ ಅದರಲ್ಲಿ ಸೇರಿದ್ದು 1976ರಲ್ಲಿ. ಕ್ರೈಸ್ತರಿಗೆ 1869ರ ಕಾಯ್ದೆ. ಅದರಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದೇ ಕಾರಣ ಸಾಕಿತ್ತು. ಹೆಂಡತಿಯಾದರೋ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಬಿಟ್ಟುಹೋದದ್ದನ್ನೋ ಸಾಬೀತು ಮಾಡಬೇಕಿತ್ತು! ಈ ತಾರತಮ್ಯ ಹೋದದ್ದು 2001ರಲ್ಲಿ. ಹಾಗಾದರೆ ಹಿಂದೆ ಡೈವೋರ್ಸ್ ಕಡಿಮೆ ಇತ್ತು ಅಂದ್ರೆ ಕಣ್ಣೀರು ಕಡಿಮೆ ಇತ್ತು ಅಂತಲ್ಲ. ಹೊರಗೆ ಬರಲು ಬಾಗಿಲೇ ಇರಲಿಲ್ಲ.

2011ರ ಜನಗಣತಿಯಲ್ಲಿ ದೇಶದಲ್ಲಿ ವಿಚ್ಛೇದಿತರು ಸುಮಾರು 13.6 ಲಕ್ಷ. ವಿಚ್ಛೇದನವಿಲ್ಲದೆ ಬೇರೆ ಇರುವವರು ಸುಮಾರು 35 ಲಕ್ಷ. ಎರಡರಲ್ಲೂ ಹೆಂಗಸರೇ ಹೆಚ್ಚು. ವಿಧವೆಯರು 4 ಕೋಟಿಗೂ ಮಿಕ್ಕಿದ್ದರೆ, ವಿಧುರರು ಸುಮಾರು 1.2 ಕೋಟಿ. ಯಾಕೆ ಈ ಅಂತರ? ಗಂಡಸರು ಸಾಮಾನ್ಯವಾಗಿ ತಮಗಿಂತ ಚಿಕ್ಕವಳನ್ನು ಮದುವೆಯಾಗುತ್ತಾರೆ, ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ. ಇನ್ನೊಂದು ಕಾರಣ ನಮಗೆಲ್ಲ ಗೊತ್ತು: ಹೆಂಡತಿ ತೀರಿಕೊಂಡರೆ "ಮಕ್ಕಳನ್ನು ನೋಡಿಕೊಳ್ಳೋರು ಯಾರು, ಮದುವೆ ಆಗಪ್ಪ" ಅಂತೀವಿ. ಗಂಡ ತೀರಿಕೊಂಡರೆ "ಮಕ್ಕಳ ಮುಖ ನೋಡಿಕೊಂಡು ಇರಮ್ಮ" ಅಂತೀವಿ. ಹೇಳೋರು ಯಾರು? ನಾವೇ ಅಲ್ವಾ?

ವಿಧವೆಯರ ಮರುಮದುವೆಗೆ 1856ರಲ್ಲೇ ಕಾನೂನು ಬಂತು. ಅದಕ್ಕೂ ಮೊದಲೇ ನಮ್ಮ ನಾಡಿನ ಎಷ್ಟೋ ಸಮುದಾಯಗಳಲ್ಲಿ ಕೂಡಿಕೆ, ಸೀರುಡಿಕೆ ಎಂಬ ಪದ್ಧತಿ ಇತ್ತು. ಆದರೆ ಹಾಗೆ ಮದುವೆಯಾದವಳನ್ನು ಶುಭಕಾರ್ಯದಲ್ಲಿ ಹಿಂದೆ ನಿಲ್ಲಿಸುತ್ತಿದ್ದರು. ಕಾನೂನು ಬದಲಾದರೂ ಹಿಂದೆ ನಿಲ್ಲಿಸುವ ಬುದ್ಧಿ ಪೂರ್ತಿ ಹೋಗಿಲ್ಲ.

ವಿವಾಹ ಜೀವನಪರ್ಯಂತದ ಬಂಧನವೆಂದು ಧರ್ಮಸಭೆ ಬೋಧಿಸುತ್ತದೆ. ಮನೆ ಉಳಿಸಲು ನಾವೂ ಪ್ರಯತ್ನಿಸಬೇಕು. ಆದರೆ ಹೊಡೆತ ತಿನ್ನುತ್ತಾ ಇರು ಎಂದು ಯಾರಿಗೂ ಹೇಳಬಾರದು. ಕ್ರೈಸ್ತ ಸಹೋದರಿಯರು ಒಂದು ವಿಷಯ ನೆನಪಿಡಿ: ಧರ್ಮಪ್ರಾಂತ್ಯದ ನ್ಯಾಯಮಂಡಳಿ ಮದುವೆಯನ್ನು ಅಸಿಂಧು ಎಂದರೂ, ಕೋರ್ಟಿನ ತೀರ್ಪಿಲ್ಲದೆ ಕಾನೂನಿನ ಲೆಕ್ಕದಲ್ಲಿ ಆ ಮದುವೆ ಮುಗಿಯುವುದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಸ್ಪಷ್ಟಪಡಿಸಿತು.

ಹಾಗಾದರೆ ಸಂಘದಲ್ಲಿ ನಾವೇನು ಮಾಡಬಹುದು?

1. ಮದುವೆಯನ್ನು ತಪ್ಪದೆ ನೋಂದಣಿ ಮಾಡಿಸೋಣ. ನಾಳೆ ಜೀವನಾಂಶಕ್ಕೂ ಆಸ್ತಿಗೂ ಆ ಕಾಗದ ಬೇಕು.

2. ಗಂಡ ಬಿಟ್ಟುಹೋದವಳು ಜೀವನಾಂಶ ಕೇಳಲು ವಿಚ್ಛೇದನ ಆಗಿರಲೇಬೇಕೆಂದಿಲ್ಲ. ಮೊದಲು 125ನೇ ಕಲಂ ಎನ್ನುತ್ತಿದ್ದದ್ದು 2024ರ ಜುಲೈಯಿಂದ ಹೊಸ ಕಾಯ್ದೆಯ 144ನೇ ಕಲಂ ಆಗಿದೆ.

3. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಅವಳೊಬ್ಬಳನ್ನೇ ಕಳಿಸಬೇಡಿ, ಇಬ್ಬರು ಜೊತೆಗೆ ಹೋಗಿ.

4. ವಿಧವೆಯಾಗಲಿ, ವಿಚ್ಛೇದನವಾದವಳಾಗಲಿ, ಮರುಮದುವೆಗೆ ಮನಸ್ಸು ಮಾಡಿದರೆ ಆಡಿಕೊಳ್ಳುವುದು ಬೇಡ. ಬೇಡ ಎಂದರೆ ಒತ್ತಾಯವೂ ಬೇಡ. ತೀರ್ಮಾನ ಅವಳದು.

ಮುಂದಿನ ವಾರದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಪುಸ್ತಕ ಮುಚ್ಚಬೇಡಿ. ನಮ್ಮ ನಡುವೆ ಒಂಟಿಯಾಗಿ ಸಂಸಾರ ತೂಗಿಸುತ್ತಿರುವ ಅಕ್ಕ ಯಾರಿದ್ದಾರೆ, ಅವಳಿಗೆ ಏನು ಬೇಕು ಅಂತ ಅವಳನ್ನೇ ಕೇಳೋಣ. ಆರತಿ ತಟ್ಟೆಯನ್ನೂ ಅವಳ ಕೈಗೇ ಕೊಡೋಣ.