ಮಣಿಕಟ್ಟಿಗೇರಿದ ಯಂತ್ರ

(ಸಾರ್ವಜನಿಕ ವಾಚನಾಲಯವೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)



ನಮ್ಮ ಭಾಷೆಯ ಒಂದು ಸೊಗಸನ್ನು ನೆನಪಿಸಿ ಮಾತು ಆರಂಭಿಸುತ್ತೇನೆ. ಮೈಮೇಲೆ ಧರಿಸುವ ವಸ್ತುಗಳಿಗೆಲ್ಲ ಇಂಗ್ಲಿಷಿನವರಿಗೆ ಒಂದೇ ಕ್ರಿಯಾಪದ ಸಾಕಾಗುತ್ತದೆ. ನಮಗೆ ಸಾಲದು. ಸೀರೆಯನ್ನು ಉಡುತ್ತೇವೆ, ಅಂಗಿಯನ್ನು ತೊಡುತ್ತೇವೆ, ಹೂವನ್ನು ಮುಡಿಯುತ್ತೇವೆ, ಕುಂಕುಮವನ್ನು ಇಡುತ್ತೇವೆ, ಚಪ್ಪಲಿಯನ್ನು ಮೆಟ್ಟುತ್ತೇವೆ, ಗಡಿಯಾರವನ್ನು ಕಟ್ಟಿಕೊಳ್ಳುತ್ತೇವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದರೆ ಮಕ್ಕಳೂ ನಗುತ್ತಾರೆ. ಮೈಯ ಯಾವ ಭಾಗಕ್ಕೆ ಯಾವ ವಸ್ತು ಒಪ್ಪುತ್ತದೆ ಎಂಬ ಲೋಕಾನುಭವ ಈ ಮಾತುಗಳಲ್ಲೇ ಅಡಗಿದೆ. ಜೇಬಿನಲ್ಲಿ ಇಟ್ಟುಕೊಳ್ಳುವ ವಸ್ತುವಿಗೆ ಇಷ್ಟೊಂದು ಕಟ್ಟುಪಾಡಿಲ್ಲ. ಜೇಬಿನಿಂದ ಹೊರಬಂದು ಮೈಯನ್ನೇರಿದ ಕೂಡಲೇ ಅದು ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ; ಅವರ ಒಪ್ಪಿಗೆಯನ್ನು ಬೇಡುತ್ತದೆ.

ಇಷ್ಟು ಪೀಠಿಕೆ ಏಕೆಂದರೆ, 2013ರ ಜುಲೈನಲ್ಲಿ ಬಂದ ಒಂದು ಸುದ್ದಿಯನ್ನು ಇವತ್ತು ವಿಚಾರಕ್ಕೆ ಎತ್ತಿಕೊಂಡಿದ್ದೇನೆ. ಅಮೆರಿಕದ ಆ್ಯಪಲ್ ಸಂಸ್ಥೆ ಪಾಲ್ ಡೆನೀವ್ ಎಂಬುವರನ್ನು ಉಪಾಧ್ಯಕ್ಷರ ಹುದ್ದೆಗೆ ನೇಮಿಸಿಕೊಂಡಿತು. ಅವರ ಕೆಲಸಕ್ಕೆ ‘ವಿಶೇಷ ಯೋಜನೆಗಳು’ ಎಂಬ ನಿಗೂಢ ಹೆಸರು. ಅಲ್ಲಿಯವರೆಗೆ ಡೆನೀವ್ ಪ್ಯಾರಿಸ್ಸಿನ ಈವ್ ಸಾಂ ಲೊರಾಂ ಎಂಬ ಹೆಸರಾಂತ ಉಡುಪು ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಅದಕ್ಕೂ ಮೊದಲು ನೀನಾ ರಿಚಿ, ಲಾನ್ವಾಂ ಮುಂತಾದ ಫ್ಯಾಷನ್ ಮನೆಗಳಲ್ಲಿ ದುಡಿದಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ಇನ್ನೊಂದು ಪ್ರಕಟಣೆ: ಲಂಡನ್ನಿನ ಬರ್ಬೆರಿ ಉಡುಪು ಸಂಸ್ಥೆಯನ್ನು 2006ರಿಂದ ನಡೆಸುತ್ತಿದ್ದ ಆಂಜೆಲಾ ಆರೆಂಟ್ಸ್ ಎಂಬ ಮಹಿಳೆ ಆ್ಯಪಲ್‌ನ ಅಂಗಡಿಗಳ ಉಸ್ತುವಾರಿಗೆ ಬರಲಿದ್ದಾರೆ ಎಂದು. ಮರುವರ್ಷ ಮೇ ತಿಂಗಳಲ್ಲಿ ಗೂಗಲ್ ಕೂಡ ಅದೇ ಹಾದಿ ಹಿಡಿಯಿತು. ತನ್ನ ಕನ್ನಡಕ ಯಂತ್ರ ‘ಗ್ಲಾಸ್’ನ ಹೊಣೆಯನ್ನು ಅದು ಐವಿ ರಾಸ್ ಎಂಬುವರಿಗೆ ಒಪ್ಪಿಸಿತು. ಆಕೆ ಮೂಲತಃ ಒಡವೆಗಳ ವಿನ್ಯಾಸಕಿ.

ಸಂಖ್ಯೆಗಳಲ್ಲೇ ಮುಳುಗೇಳುವ ಎಂಜಿನಿಯರುಗಳ ಮನೆಗೆ ಬಟ್ಟೆ ಮತ್ತು ಒಡವೆಯವರಿಗೆ ಏಕೆ ಈ ಆಹ್ವಾನ? ಹಣವಿದ್ದವರ ಷೋಕಿ ಎಂದು ತಳ್ಳಿಹಾಕುವುದು ಸುಲಭ. ಉತ್ತರಕ್ಕಾಗಿ ಗಡಿಯಾರದ ಕಥೆಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸೋಣ.

ಯೂರೋಪಿನಲ್ಲಿ ಬಹುಕಾಲ ಗಡಿಯಾರ ಎಂದರೆ ಗಂಡಸಿನ ಜೇಬಿನ ವಸ್ತು. ಮಣಿಕಟ್ಟಿನ ಗಡಿಯಾರ ಹೆಂಗಸರ ಒಡವೆ ಎನಿಸಿತ್ತು. 1810ರಲ್ಲಿ ನೇಪಲ್ಸ್ ರಾಣಿ ಕರೋಲಿನ್ ಮುರಾ ಪ್ಯಾರಿಸ್ಸಿನ ಕುಶಲಕರ್ಮಿ ಬ್ರೆಗೆ ಅವರಿಂದ ಕೈಗೆ ಕಟ್ಟುವ ಗಡಿಯಾರವನ್ನು ಮಾಡಿಸಿಕೊಳ್ಳಲು ಹೇಳಿದ ದಾಖಲೆಯಿದೆ. ಅದನ್ನು ಕಂಡ ಗಂಡಸರು ತಮಗೂ ಒಂದು ಬೇಕೆನ್ನಲಿಲ್ಲ. ಬಳೆಯಂತಿರುವುದನ್ನು ಗಂಡಸು ಕಟ್ಟಿಕೊಂಡರೆ ನಗೆಗೀಡು ಎಂಬ ಭಾವನೆ ಸುಮಾರು ನೂರು ವರ್ಷ ಗಟ್ಟಿಯಾಗಿ ಉಳಿಯಿತು. ಅಂದರೆ ಕೈಗಡಿಯಾರವನ್ನು ಮಾಡುವ ತಂತ್ರ ಇತ್ತು; ಅದನ್ನು ಕಟ್ಟಿಕೊಳ್ಳುವ ಧೈರ್ಯ ಇರಲಿಲ್ಲ.

ಆ ಸಂಕೋಚ ಹರಿದದ್ದು ಎರಡು ಹೆಜ್ಜೆಗಳಲ್ಲಿ. ಪ್ಯಾರಿಸ್ಸಿನ ಆಕಾಶದಲ್ಲಿ ವಾಯುನೌಕೆಗಳನ್ನು ಹಾರಿಸಿ ಹೆಸರಾಗಿದ್ದ ಬ್ರೆಜಿಲ್ ದೇಶದ ಸಾಂಟೋಸ್ ಡ್ಯುಮಾಂಟ್, ಎರಡೂ ಕೈಗಳು ಚುಕ್ಕಾಣಿಯ ಮೇಲಿರುವಾಗ ಜೇಬಿನ ಗಡಿಯಾರವನ್ನು ತೆಗೆದು ನೋಡುವುದು ಕಷ್ಟ ಎಂದಾಗ, ಆಭರಣ ವ್ಯಾಪಾರಿ ಲೂಯಿ ಕಾರ್ಟಿಯೇ 1904ರಲ್ಲಿ ಅವರಿಗೊಂದು ಕೈಗಡಿಯಾರ ಮಾಡಿಕೊಟ್ಟರು. ಎರಡನೆಯದು ಮೊದಲ ಮಹಾಯುದ್ಧ. ಕಂದಕದಲ್ಲಿ ನಿಂತ ಸೈನಿಕ ಫಿರಂಗಿ ದಾಳಿ ಮುಗಿಯುವ ನಿಮಿಷವನ್ನು ಸರಿಯಾಗಿ ತಿಳಿದು ಮುನ್ನುಗ್ಗಬೇಕು. ಒಂದು ಕೈಯಲ್ಲಿ ಬಂದೂಕು, ಜೇಬು ತಡಕಾಡಲು ಬಿಡುವಿಲ್ಲ. ಗಡಿಯಾರ ಮಣಿಕಟ್ಟಿಗೆ ಬಂತು. ಯುದ್ಧ ಮುಗಿಸಿ ಮನೆಗೆ ಮರಳಿದ ಯೋಧನ ಕೈಯಲ್ಲಿ ಅದನ್ನು ಕಂಡು ನಗುವವರು ಯಾರು? ನಿನ್ನೆಯವರೆಗೆ ಹೆಣ್ಣಿನ ಒಡವೆಯಾಗಿದ್ದದ್ದು ಪೌರುಷದ ಗುರುತಾಯಿತು. ಯಂತ್ರದಲ್ಲಿ ಆದ ಬದಲಾವಣೆ ಅಲ್ಪ. ನೋಡುವವರ ಕಣ್ಣಿನಲ್ಲಿ ಆದ ಬದಲಾವಣೆ ದೊಡ್ಡದು. ಆಂಜೆಲಾ ಆರೆಂಟ್ಸ್ ನಡೆಸುತ್ತಿದ್ದ ಬರ್ಬೆರಿ ಸಂಸ್ಥೆಯ ಪ್ರಸಿದ್ಧ ಕೋಟೂ ಅದೇ ಕಂದಕಗಳಿಂದ ‘ಟ್ರೆಂಚ್ ಕೋಟ್’ ಎಂಬ ಹೆಸರು ಪಡೆದದ್ದು ಎಂಬುದು ಇಲ್ಲಿ ನೆನಪಿಗೆ ಬರುವ ಸಂಗತಿ.

ಇನ್ನೊಂದು ಉದಾಹರಣೆ ನೋಡೋಣ. 1969ರ ಡಿಸೆಂಬರ್ 25ರಂದು ಜಪಾನಿನ ಸೀಕೋ ಸಂಸ್ಥೆ ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಅದರ ನಿಖರತೆಯ ಮುಂದೆ ಕೀಲಿ ಕೊಡುವ ಗಡಿಯಾರಗಳು ನಿಲ್ಲಲಾರದೆ ಹೋದವು. 1970ರಲ್ಲಿ ಸುಮಾರು 90 ಸಾವಿರ ಮಂದಿಗೆ ಅನ್ನ ಕೊಡುತ್ತಿದ್ದ ಸ್ವಿಟ್ಜರ್ಲೆಂಡಿನ ಗಡಿಯಾರ ಉದ್ಯಮದಲ್ಲಿ ಹದಿನೈದು ವರ್ಷ ಕಳೆಯುವುದರೊಳಗೆ ಮೂರರಲ್ಲಿ ಒಂದು ಪಾಲಿನಷ್ಟು ಜನ ಮಾತ್ರ ಉಳಿದರು. ಆಗ ಅವರು 1983ರಲ್ಲಿ ಹೊರತಂದದ್ದು ಸ್ವಾಚ್. ಕೇವಲ 51 ಬಿಡಿಭಾಗಗಳ ಅಗ್ಗದ ಪ್ಲಾಸ್ಟಿಕ್ ಗಡಿಯಾರ. ಒಳಗಿನ ಯಂತ್ರ ಕ್ವಾರ್ಟ್ಸೇ. ಆದರೆ ಅದನ್ನು ಅವರು ಬಟ್ಟೆಯಂತೆ ಮಾರಿದರು: ಋತುವಿಗೊಂದು ಬಣ್ಣ, ಉಡುಪಿಗೊಂದು ಚಿತ್ತಾರ. ಜನ್ಮಕ್ಕೊಂದು ಗಡಿಯಾರ ಎನ್ನುತ್ತಿದ್ದವರು ಎರಡು ಮೂರು ಕೊಂಡರು.

ಬೆಂಗಳೂರಿನವರಾದ ನಮಗೆ ಇದೇನೂ ದೂರದ ಕಥೆಯಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ ಎಚ್‌ಎಂಟಿಯ ಗಡಿಯಾರ ಕಾರ್ಖಾನೆ ಇಲ್ಲೇ ಆರಂಭವಾಯಿತು. ಮದುವೆಯಲ್ಲಿ ಅಳಿಯನಿಗೆ, ಪಾಸಾದ ಮಗನಿಗೆ, ನಿವೃತ್ತರಾದ ಮೇಷ್ಟ್ರಿಗೆ ಎಚ್‌ಎಂಟಿ ಕಟ್ಟಿದ ಕಾಲವೊಂದಿತ್ತು. ಕ್ವಾರ್ಟ್ಸ್ ತಂತ್ರ ಎಚ್‌ಎಂಟಿಗೆ ತಿಳಿಯದ ವಿದ್ಯೆಯಾಗಿರಲಿಲ್ಲ. 1980ರ ದಶಕದ ಆರಂಭದಲ್ಲೇ ಅದು ಅಂಥ ಗಡಿಯಾರಗಳನ್ನು ತಯಾರಿಸಿತ್ತು. ಆದರೆ ಗಡಿಯಾರವೆಂದರೆ ಹೊತ್ತು ತೋರಿಸುವ ಸಲಕರಣೆ ಎಂಬ ಹಳೆಯ ನಂಬಿಕೆಯನ್ನು ಬಿಡಲಿಲ್ಲ. 1984ರಲ್ಲಿ ಸ್ಥಾಪನೆಯಾಗಿ, ಹೊಸೂರಿನಲ್ಲಿ ಕಾರ್ಖಾನೆ ಕಟ್ಟಿದ ಟೈಟಾನ್ ಬೇರೆ ದಾರಿ ಹಿಡಿಯಿತು. ಅದನ್ನು ಕಟ್ಟಿ ಬೆಳೆಸಿದ ಜರ್ಕ್ಸಿಸ್ ದೇಸಾಯಿ ಅದಕ್ಕೆ ಮೊದಲು ನಡೆಸುತ್ತಿದ್ದದ್ದು ಮುದ್ರಣ ಸಂಸ್ಥೆಯನ್ನು. ಗಡಿಯಾರವನ್ನು ಅವರು ಉಡುಗೊರೆಯಾಗಿ, ಅಲಂಕಾರವಾಗಿ ಜನರ ಮುಂದಿಟ್ಟರು. ಮೊಜಾರ್ಟನ ಸಂಗೀತ ನುಡಿಯುತ್ತಿದ್ದ ಆ ಜಾಹೀರಾತು ನಿಮ್ಮಲ್ಲಿ ಅನೇಕರ ಕಿವಿಯಲ್ಲಿ ಈಗಲೂ ಇರಬೇಕು. ಎಚ್‌ಎಂಟಿಯ ಅವನತಿಗೆ ಸರ್ಕಾರಿ ಸ್ವಾಮ್ಯದ ತೊಡಕು, ಹಣದ ಅಭಾವ ಹೀಗೆ ಇತರ ಕಾರಣಗಳೂ ಉಂಟು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೂ ಕೊಳ್ಳುವವರ ಮನಸ್ಸು ಹೊರಳಿದ್ದನ್ನು ಕಾಣದೆ ಹೋದದ್ದು ಮುಖ್ಯ ಕಾರಣಗಳಲ್ಲೊಂದು ಎಂದು ನನ್ನ ಅಭಿಪ್ರಾಯ.

ಈಗ ಗೂಗಲ್‌ನ ಕನ್ನಡಕಕ್ಕೆ ಬರೋಣ. ಅದು 2013ರಲ್ಲಿ ಆಯ್ದ ಕೆಲವರಿಗೆ 1,500 ಡಾಲರಿಗೆ ದೊರೆಯಿತು. ಕಣ್ಣಿನ ಮೇಲ್ಭಾಗದಲ್ಲಿ ಪುಟ್ಟ ತೆರೆ, ಪಕ್ಕದಲ್ಲಿ ಕ್ಯಾಮೆರಾ. ತಾಂತ್ರಿಕವಾಗಿ ಅಚ್ಚರಿಯ ವಸ್ತು. ಅದಕ್ಕೂ ಮುಂಚೆ, 2012ರ ಸೆಪ್ಟೆಂಬರಿನಲ್ಲಿ, ನ್ಯೂಯಾರ್ಕಿನ ಫ್ಯಾಷನ್ ಪ್ರದರ್ಶನದಲ್ಲಿ ರೂಪದರ್ಶಿಗಳಿಗೆ ಅದನ್ನು ಹಾಕಿಸಿ ನಡೆಸಿದ್ದೂ ಆಗಿತ್ತು. ಬೀದಿಗೆ ಬಂದಾಗ ಮಾತ್ರ ಜನ ಮುಖ ಸಿಂಡರಿಸಿದರು. ಎದುರಿಗೆ ಕುಳಿತವನು ನನ್ನೊಡನೆ ಮಾತನಾಡುತ್ತಿದ್ದಾನೆಯೇ, ನನ್ನ ಚಿತ್ರ ತೆಗೆಯುತ್ತಿದ್ದಾನೆಯೇ? ಅಮೆರಿಕದ ಕೆಲವು ಹೋಟೆಲು, ಪಾನಗೃಹಗಳ ಮಾಲೀಕರು ಅದನ್ನು ಧರಿಸಿ ಒಳಗೆ ಬರಬಾರದೆಂದರು. ಐವಿ ರಾಸ್ ಬಂದರು, ಕನ್ನಡಕದ ದೊಡ್ಡ ತಯಾರಕರಾದ ಇಟಲಿಯ ಲುಕ್ಸಾಟಿಕಾದೊಡನೆ ಒಪ್ಪಂದವೂ ಆಗಿತ್ತು. ಆದರೂ 2015ರ ಜನವರಿಯಲ್ಲಿ ಗೂಗಲ್ ಅದರ ಮಾರಾಟವನ್ನು ಜನಸಾಮಾನ್ಯರಿಗೆ ನಿಲ್ಲಿಸಿತು. ಚೌಕಟ್ಟು ಚೆನ್ನಾಗಿಲ್ಲದಿದ್ದರೆ ವಿನ್ಯಾಸಕಿ ತಿದ್ದಬಹುದು. ಎದುರಿಗಿದ್ದವರಿಗೆ ಅವಮಾನವಾಗುತ್ತಿದ್ದರೆ ಚೌಕಟ್ಟು ತಿದ್ದಿ ಪ್ರಯೋಜನವೇನು? ಮೈಮೇಲಿನ ವಸ್ತು ಧರಿಸಿದವನಿಗೆ ಹಿತವಾಗಿದ್ದರೆ ಸಾಲದು, ನೆರೆಯವನಿಗೂ ಸಹ್ಯವಾಗಿರಬೇಕು ಎಂಬುದು ಇದರ ಪಾಠ.

ಆ್ಯಪಲ್‌ನ ಕಥೆ ಇನ್ನೂ ಸ್ವಾರಸ್ಯಕರ. 2014ರ ಸೆಪ್ಟೆಂಬರ್ 9ರಂದು ಅದು ತನ್ನ ಕೈಗಡಿಯಾರವನ್ನು ಪ್ರಕಟಿಸಿದಾಗ ಸಭೆಯಲ್ಲಿ ಫ್ಯಾಷನ್ ಪತ್ರಿಕೆಗಳ ಸಂಪಾದಕರೂ ಇದ್ದರು. ಚೀನಾದ ವೋಗ್ ಪತ್ರಿಕೆಯ ಮುಖಪುಟದಲ್ಲಿ ರೂಪದರ್ಶಿಯ ಕೈಯಲ್ಲಿ ಅದು ಕಾಣಿಸಿಕೊಂಡಿತು. 2015ರ ಏಪ್ರಿಲಿನಲ್ಲಿ ಮಾರಾಟಕ್ಕೆ ಬಂದಾಗ ಸಾಮಾನ್ಯ ಮಾದರಿಯ ಬೆಲೆ 349 ಡಾಲರಿನಿಂದ ಆರಂಭ. 18 ಕ್ಯಾರಟ್ ಚಿನ್ನದ ಮಾದರಿಗೆ 10 ಸಾವಿರದಿಂದ 17 ಸಾವಿರ ಡಾಲರ್. ಒಳಗಿನ ಯಂತ್ರ ಮಾತ್ರ ಎರಡಕ್ಕೂ ಒಂದೇ! ಲಂಡನ್, ಪ್ಯಾರಿಸ್, ಟೋಕಿಯೋಗಳ ಐಷಾರಾಮಿ ಮಳಿಗೆಗಳಲ್ಲಿ ಅದಕ್ಕೆಂದೇ ಅಂಗಡಿಗಳು ತೆರೆದವು.

ಚಿನ್ನದ ಆಟ ಹೆಚ್ಚು ದಿನ ನಡೆಯಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಚಿನ್ನದ ಮಾದರಿ ಮರೆಯಾಯಿತು. 2018ರೊಳಗೆ ಆ ಮಳಿಗೆಗಳೂ ಮುಚ್ಚಿದವು. ಡೆನೀವ್ ಮುಂದೆ ಸಂಸ್ಥೆ ತೊರೆದರು, 2019ರಲ್ಲಿ ಆರೆಂಟ್ಸ್ ಕೂಡ. ಗಡಿಯಾರ ಮಾತ್ರ ಉಳಿಯಿತು. ಬಹಳ ಚೆನ್ನಾಗಿಯೇ ಬೆಳೆಯಿತು. ಉಳಿಸಿದ್ದು ಯಾವುದು? ಓಟ, ನಡಿಗೆ, ನಾಡಿ ಮಿಡಿತಗಳ ಲೆಕ್ಕ. 2018ರ ಮಾದರಿಗೆ ಇಸಿಜಿ ತೆಗೆಯುವ ಶಕ್ತಿಯೂ ಬಂತು. ಹಾಗಾದರೆ ಫ್ಯಾಷನ್ನಿನವರು ಬಂದದ್ದು ವ್ಯರ್ಥವೇ? ಹಾಗೆನ್ನಲಾರೆ. ಕ್ಷಣದಲ್ಲಿ ಬದಲಿಸಬಹುದಾದ ಬಗೆಬಗೆಯ ಪಟ್ಟಿಗಳು, ಸಣ್ಣ ಕೈ ದೊಡ್ಡ ಕೈಗೆ ಎರಡು ಅಳತೆಗಳು, ಅಂಗಡಿಯಲ್ಲಿ ಕಟ್ಟಿ ನೋಡಿ ಕೊಳ್ಳುವ ಅವಕಾಶ ಇವೆಲ್ಲ ಉಡುಪಿನ ಲೋಕದ ರೀತಿಗಳು. ನಮ್ಮ ಬಳೆಗಾರನನ್ನೇ ನೆನೆಯಿರಿ. ಕೈ ಹಿಡಿದು ನೋಡಿಯೇ ಅಳತೆ ಹೇಳುತ್ತಿದ್ದ, ನೋವಾಗದಂತೆ ತೊಡಿಸುತ್ತಿದ್ದ, ಸೀರೆಯ ಬಣ್ಣಕ್ಕೆ ಹೊಂದುವುದನ್ನು ಆರಿಸಿ ಕೊಡುತ್ತಿದ್ದ. ಅದು ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲೂ ಕಲಿಸದ ವಿದ್ಯೆ, ಆದರೆ ವಿದ್ಯೆಯೇ.

ಇಲ್ಲಿ ಕುಳಿತ ಪೋಷಕರಿಗೆ ಒಂದು ಮಾತು. ಮಗಳು ನೇಯ್ಗೆಯನ್ನೋ ವಸ್ತ್ರವಿನ್ಯಾಸವನ್ನೋ ಕಲಿಯುತ್ತೇನೆಂದರೆ, ಓದು ತಲೆಗೆ ಹತ್ತದವರ ದಾರಿ ಅದು ಎಂದು ದಯವಿಟ್ಟು ಹೀಗಳೆಯಬೇಡಿ. ಜಗತ್ತಿನ ಶ್ರೀಮಂತ ಕಂಪನಿಗಳು ಆ ವಿದ್ಯೆಯನ್ನು ಬಾಗಿಲಿಗೆ ಹೋಗಿ ಕರೆತಂದದ್ದನ್ನು ಈಗಷ್ಟೇ ಕೇಳಿದಿರಿ.

ವಿದ್ಯಾರ್ಥಿಗಳಿಗೂ ಒಂದು ಮಾತಿದೆ. ನನ್ನ ತಂದೆಯವರ ಎಚ್‌ಎಂಟಿ ನನ್ನ ಮೇಜಿನ ಖಾನೆಯಲ್ಲಿದೆ. ಗಾಜು ಮಸುಕಾಗಿದೆ, ಪಟ್ಟಿ ಎರಡು ಸಲ ಬದಲಾಗಿದೆ. ಕೀಲಿ ಕೊಟ್ಟರೆ ಇವತ್ತೂ ಟಿಕ್ ಟಿಕ್ ಎನ್ನುತ್ತದೆ. 17 ಸಾವಿರ ಡಾಲರಿನ ಆ ಚಿನ್ನದ ಗಡಿಯಾರಕ್ಕೆ 2018ರ ಹೊಸ ತಂತ್ರಾಂಶವನ್ನು ಅಳವಡಿಸಲು ಬರಲಿಲ್ಲ. ಕೊಂಡು ಮೂರೇ ವರ್ಷ. ಚಿನ್ನ ಮಾಸಲಿಲ್ಲ, ಒಳಗಿನ ಯಂತ್ರ ಹಳತಾಯಿತು. ನಮ್ಮಲ್ಲಿ ಒಡವೆಯೆಂದರೆ ಅಜ್ಜಿಯಿಂದ ಮೊಮ್ಮಗಳಿಗೆ ಬರುವಂಥದ್ದು. ಒಡವೆಯ ವೇಷ ತೊಟ್ಟ ಯಂತ್ರಕ್ಕೆ ಅಷ್ಟು ಆಯುಸ್ಸಿಲ್ಲ. ಚಿನ್ನದ ಮಾದರಿ ನಿಲ್ಲದೆ ಹೋದದ್ದರಲ್ಲಿ ಈ ಸತ್ಯದ ಪಾತ್ರವೂ ಇದೆ ಎಂದು ನಾನು ತಿಳಿಯುತ್ತೇನೆ.

ಇನ್ನೊಂದು ವ್ಯತ್ಯಾಸವೂ ಉಂಟು. ತಂದೆಯವರ ಗಡಿಯಾರವನ್ನು ಅವರು ನೋಡುತ್ತಿದ್ದರು, ಅದು ಅವರನ್ನು ನೋಡುತ್ತಿರಲಿಲ್ಲ. ಈಗಿನದು ನಿಮ್ಮ ಎದೆಬಡಿತ, ನಿದ್ದೆ, ನಡಿಗೆ ಎಲ್ಲವನ್ನೂ ಬರೆದಿಡುತ್ತದೆ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ನಮ್ಮ ಸಂಸತ್ತು 2023ರಲ್ಲಿ ಕಾಯಿದೆ ಮಾಡಿದೆ; ಆದರೆ ಕಾಯಿದೆ ಇದೆಯೆಂದು ಮನೆಯ ಬಾಗಿಲಿಗೆ ಅಗುಳಿ ಹಾಕುವುದನ್ನು ಯಾರೂ ಬಿಡುವುದಿಲ್ಲ. ಆದ್ದರಿಂದ ಅಂಗಡಿಯವನು ನಿಮ್ಮ ಕೈ ಹಿಡಿದು ಹೊಸ ಯಂತ್ರವನ್ನು ಕಟ್ಟಲು ಬಂದಾಗ, ಬಣ್ಣ ಒಪ್ಪುತ್ತದೆಯೇ ಎಂದು ಕನ್ನಡಿಯಲ್ಲಿ ಅಗತ್ಯವಾಗಿ ನೋಡಿಕೊಳ್ಳಿ. ಜೊತೆಗೆ ಅವನನ್ನು ಎರಡು ಪ್ರಶ್ನೆ ಕೇಳಿ: ಇದು ಎಷ್ಟು ವರ್ಷ ನಡೆಯುತ್ತದೆ? ಇದು ಬರೆದಿಡುವ ನನ್ನ ಲೆಕ್ಕ ಯಾರ ಬಳಿ ಇರುತ್ತದೆ? ಉತ್ತರ ತೃಪ್ತಿಯಾದರೆ ಮಾತ್ರ ಕೈ ಮುಂದೆ ಚಾಚಿ.