ಕರಾರು ಕನ್ನಡದಲ್ಲಿರಲಿ, ದೂರು ತುಮಕೂರಿನಲ್ಲೇ ಆಗಲಿ



ಗುಬ್ಬಿಯ ಹುಡುಗನೊಬ್ಬ ಮೊಬೈಲಿಗೆ ಸಾಲದ ಆ್ಯಪ್ ಹಾಕಿಕೊಂಡ ಎನ್ನಿ. ಪುಟಗಟ್ಟಲೆ ಇಂಗ್ಲಿಷ್ ಕರಾರು. ಓದದೆ ಒಪ್ಪಿಗೆ ಒತ್ತಿಬಿಡುತ್ತಾನೆ. ತಕರಾರಿದ್ದರೆ ದೂರದೂರಿನ, ಇಲ್ಲವೇ ಹೊರದೇಶದ ಕೋರ್ಟಿಗೇ ಬನ್ನಿ ಎಂದು ಅದರೊಳಗೆ ಬರೆದಿರುತ್ತದೆ. ನಾಳೆ ಅವನ ನೆಂಟರಿಷ್ಟರ ನಂಬರೆಲ್ಲ ಕಂಡವರ ಪಾಲಾದರೆ ಯಾರ ಬಾಗಿಲು ತಟ್ಟಬೇಕು?

ತುಮಕೂರಿನ ಬಾಗಿಲು! 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮು ನೋಡಿ. ಹಣ ತೆತ್ತು ಸೇವೆ ಪಡೆದವನು ತಾನು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ನಂಬಿ ಕೊಟ್ಟ ಖಾಸಗಿ ವಿವರವನ್ನು ಕಾನೂನಿನ ಆಧಾರವಿಲ್ಲದೆ ಬೇರೆಯವರಿಗೆ ದಾಟಿಸುವುದು ಅನುಚಿತ ವ್ಯಾಪಾರ ಎಂದೂ ಅದೇ ಕಾಯ್ದೆ ಹೇಳುತ್ತದೆ. ಕುಣಿಗಲ್‌ನವರು ಕ್ಯಾಲಿಫೋರ್ನಿಯಾಕ್ಕೆ ಅಲೆಯಬೇಕಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು. ಆ ಹೋರಾಟಕ್ಕೆ ಇಳಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಲ್ಲಿಯವರಿಗೆ ಸೇವೆ ಕೊಡುವ ವಿದೇಶಿ ಕಂಪನಿಗೂ ಅನ್ವಯ. ಒಪ್ಪಿಗೆ ಕೇಳುವ ಸೂಚನೆಯನ್ನು ಎಂಟನೇ ಷೆಡ್ಯೂಲಿನ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಅವಕಾಶ ಕೊಡಲೇಬೇಕು ಎನ್ನುತ್ತದೆ ಅದು. 2025ರ ನವೆಂಬರಿನಲ್ಲಿ ನಿಯಮ ಹೊರಡಿಸಿದ ಕೇಂದ್ರ, ಇದಕ್ಕೆ ಕಂಪನಿಗಳಿಗೆ 18 ತಿಂಗಳ ಗಡುವು ಕೊಟ್ಟಿತು.

ಗೆಳೆಯರೇ, ಕೇಳದವರಿಗೆ ಯಾರೂ ಕೊಡುವುದಿಲ್ಲ. ಅರ್ಥವಾಗದ ಭಾಷೆಯಲ್ಲಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಇಂದೇ ಕಂಪನಿಗಳಿಗೆ ಬರೆಯಿರಿ: ಕರಾರು ಕನ್ನಡದಲ್ಲಿ ಕೊಡಿ!

ಸಿರಿಗನ್ನಡಂ ಗೆಲ್ಗೆ!